ಕೆಸರನ್ನು ಕಾಪಿಟ್ಟವರು

1872ನೆಯ ಇಸವಿ ಡಿಸೆಂಬರ್ 21ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ ಚಾಲೆಂಜರ್ ಎಂಬ ಹಡಗು ಹೊರಟಿತು. ವಿಕ್ಟೋರಿಯಾ ರಾಣಿಯ ನೌಕಾಬಲಕ್ಕೆ ಸೇರಿದ ಯುದ್ಧನೌಕೆ ಅದು. ಎರಡನ್ನುಳಿದು ಮಿಕ್ಕ ಫಿರಂಗಿಗಳನ್ನೆಲ್ಲ ಇಳಿಸಿ, ತೆರವಾದ ಜಾಗದಲ್ಲಿ ಸೂಕ್ಷ್ಮದರ್ಶಕಗಳನ್ನೂ ಗಾಜಿನ ಶೀಸೆಗಳನ್ನೂ ಮದ್ಯಸಾರದ ಪೀಪಾಯಿಗಳನ್ನೂ ಮೈಲಿಗಟ್ಟಲೆ ಹಗ್ಗವನ್ನೂ ತುಂಬಿದ್ದರು. ಆ ಹಡಗಿಗೆ ಗೆಲ್ಲಬೇಕಾದ ಶತ್ರು ಇರಲಿಲ್ಲ. ಸಾಗರಗಳ ಆಳ ಎಷ್ಟು, ಆ ಆಳದಲ್ಲಿ ಏನಿದೆ ಎಂದು ನೋಡಿ ಬರುವುದು ಅದಕ್ಕೆ ಒಪ್ಪಿಸಿದ ಕೆಲಸ. ಮೂರೂವರೆ ವರ್ಷ ಲೋಕ ಸುತ್ತಿ, 68,890 ನಾಟಿಕಲ್ ಮೈಲಿ ಕ್ರಮಿಸಿ, 362 ಠಾಣೆಗಳಲ್ಲಿ ನಿಂತು, 1876ರ ಮೇ 24ರಂದು ಅದು ತಾಯ್ನಾಡಿಗೆ ಮರಳಿತು.

ಪ್ರತಿ ಠಾಣೆಯಲ್ಲೂ ಒಂದೇ ವಿಧಿ. ಹಡಗು ನಿಲ್ಲುವುದು, ಭಾರ ಕಟ್ಟಿದ ಹಗ್ಗ ಇಳಿಯುವುದು, ಗಂಟೆಗಟ್ಟಲೆ ಕಾದ ಮೇಲೆ ತಳ ಮುಟ್ಟುವುದು, ಮತ್ತೆ ಗಂಟೆಗಟ್ಟಲೆ ಎಳೆಯುವುದು. ತುದಿಯ ಕೊಳವೆಯಲ್ಲಿ ಒಂದು ಹಿಡಿ ಕೆಸರು ಬರುತ್ತಿತ್ತು. ಬೇಸತ್ತ ನಾವಿಕರಿಗೆ ಅದು ಬರೀ ಕೆಸರು. ಆದರೆ ಹಡಗಿನಲ್ಲಿ 31 ವರ್ಷದ ಜಾನ್ ಮರ‍್ರೆ ಎಂಬ ನಿಸರ್ಗತಜ್ಞನಿದ್ದ. ಅವನು ಆ ಹಿಡಿ ಕೆಸರನ್ನು ತೊಳೆದು, ಸೋಸಿ, ಒಣಗಿಸಿ, ಚೀಟಿ ಅಂಟಿಸಿ ಶೀಸೆಯಲ್ಲಿಟ್ಟ. ಸೂಕ್ಷ್ಮದರ್ಶಕದಡಿ ಅದು ಕೆಸರಾಗಿ ಉಳಿಯಲಿಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ, ಗುಳ್ಳೆಯ ಮೇಲೆ ಗುಳ್ಳೆ ಕೂಡಿಸಿ ಕಟ್ಟಿದಂಥ ಸುಣ್ಣದ ಚಿಪ್ಪುಗಳು ಅದರಲ್ಲಿ ರಾಶಿ ರಾಶಿಯಾಗಿದ್ದವು. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಮನೆಗಳು ಅವು.

ಈ ಜೀವಿಗಳು ಬದುಕುವುದು ಎಲ್ಲಿ? ತಳದ ಕತ್ತಲಲ್ಲೇ ಹುಟ್ಟಿ ಅಲ್ಲೇ ಸಾಯುತ್ತವೆ ಎಂದು ಯಾನದ ನಾಯಕ ವೈವಿಲ್ ಥಾಮ್ಸನ್ ನಂಬಿದ್ದರು. ಮರ‍್ರೆ ನುಣುಪು ರೇಷ್ಮೆಬಲೆಗಳನ್ನು ಮೇಲ್ಪದರದ ನೀರಿನಲ್ಲಿ ಎಳೆಸಿದ. ತಳದ ಕೆಸರಿನಲ್ಲಿದ್ದ ಅವೇ ಗ್ಲೋಬಿಜೆರಿನಾ ಎಂಬ ಫೊರಾಮಿನಿಫೆರಾಗಳು ಬಲೆಯಲ್ಲಿ ಜೀವಂತ ಸಿಕ್ಕವು. ಬಿಸಿಲು ತಾಗುವ ನೀರಿನಲ್ಲಿ ಅವು ಬದುಕಿ, ಸತ್ತ ಮೇಲೆ ಚಿಪ್ಪುಗಳು ಮೈಲಿಗಳ ಆಳಕ್ಕೆ ಇಳಿಯುತ್ತವೆ ಎಂಬುದು ಅಲ್ಲಿಗೆ ಸ್ಥಿರಪಟ್ಟಿತು. ಥಾಮ್ಸನ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಈ ಒಂದು ನಿರ್ಣಯದ ಮೇಲೆಯೇ ಮುಂದಿನದೆಲ್ಲ ನಿಂತಿದೆ: ತಳದ ಚಿಪ್ಪು ಮೇಲಿನ ನೀರನ್ನು ಬಲ್ಲದು. ಬೆಚ್ಚನೆ ಕಡಲಿನ ಜಾತಿಗಳು ಬೇರೆ, ತಣ್ಣನೆ ಕಡಲಿನವು ಬೇರೆ ಎಂಬುದನ್ನೂ ಮರ‍್ರೆ ಗುರುತಿಸಿದ್ದ.

ಅದೇ ಯಾನದಲ್ಲಿ ಒಂದು ಭ್ರಮೆಯೂ ಕರಗಿತು. ಮದ್ಯಸಾರದಲ್ಲಿ ಕಾಪಿಟ್ಟ ಹಳೆಯ ಕಡಲಕೆಸರಿನಲ್ಲಿ ಲೋಳೆಯಂಥ ವಸ್ತುವನ್ನು ಕಂಡ ಥಾಮಸ್ ಹಕ್ಸ್ಲಿ ಅದು ಸಾಗರದ ತಳವನ್ನೆಲ್ಲ ಹಬ್ಬಿದ ಆದಿಮ ಜೀವದ್ರವ್ಯವೆಂದು 1868ರಲ್ಲಿ ಸಾರಿ, ಬೆತಿಬಿಯಸ್ ಎಂದು ಹೆಸರಿಟ್ಟಿದ್ದರು. ಚಾಲೆಂಜರ್‌ನ ರಸಾಯನಜ್ಞ ಬುಕಾನನ್ ಎಷ್ಟು ಹುಡುಕಿದರೂ ಹಸಿ ಕೆಸರಿನಲ್ಲಿ ಅದು ಕಾಣಲಿಲ್ಲ. ಮದ್ಯಸಾರ ಬೆರೆಸಿದೊಡನೆ ಕಂಡಿತು. ಕಡಲನೀರಿನ ಕ್ಯಾಲ್ಸಿಯಂ ಸಲ್ಫೇಟ್ ಮದ್ಯಸಾರ ಸೋಕಿ ಗರಣೆಗಟ್ಟಿದ್ದು, ಅಷ್ಟೆ. ಹಕ್ಸ್ಲಿ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆ ಕಾಲದ ದೊಡ್ಡವರ ದೊಡ್ಡತನ ಅದು.

1882ರಲ್ಲಿ ಥಾಮ್ಸನ್ ತೀರಿಕೊಂಡ ಮೇಲೆ ವರದಿಯ ಭಾರವೆಲ್ಲ ಮರ‍್ರೆಯ ಹೆಗಲಿಗೆ ಬಂತು. ಎಡಿನ್‌ಬರೋದಲ್ಲಿ ಕುಳಿತು, ಕೈಯಿಂದಲೂ ಹಣ ಹಾಕಿ, ಆತ 50 ಸಂಪುಟಗಳನ್ನು ಹೊರತಂದ. ಕೊನೆಯದು ಅಚ್ಚಾದದ್ದು 1895ರಲ್ಲಿ. ಬೆಲ್ಜಿಯಂನ ರೆನಾರ್ ಜೊತೆ ಸೇರಿ 1891ರಲ್ಲಿ ಪ್ರಕಟಿಸಿದ ಆಳಸಾಗರದ ನಿಕ್ಷೇಪಗಳ ಸಂಪುಟವೇ ಕಡಲತಳದ ಕೆಸರಿನ ಮೊದಲ ಜಾಗತಿಕ ನಕ್ಷೆ. ಎಲ್ಲಿ ಸುಣ್ಣದ ಚಿಪ್ಪಿನ ಕೆಸರು, ಎಲ್ಲಿ ಸಿಲಿಕಾ ಚಿಪ್ಪಿನದು, ಎಲ್ಲಿ ಕೆಂಪು ಜೇಡಿ ಎಂಬುದೆಲ್ಲ ಅದರಲ್ಲಿದೆ. ನಾಲ್ಕೈದು ಕಿಲೋಮೀಟರಿಗಿಂತ ಆಳದಲ್ಲಿ ಸುಣ್ಣ ಕರಗಿಹೋಗಿ, ಗಾಳಿ ತಂದ ದೂಳು, ಶಾರ್ಕ್ ಹಲ್ಲು, ತಿಮಿಂಗಿಲದ ಕಿವಿಮೂಳೆ, ಬಾನಿಂದ ಬಿದ್ದ ಕಣಗಳು ಮಾತ್ರ ಉಳಿಯುತ್ತವೆ. ತೆರೆದ ಸಾಗರದಲ್ಲಿ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೆಸರು ಕೂಡುತ್ತದೆ. ಚಾಲುಕ್ಯರು ಬಾದಾಮಿಯ ಗುಹೆಗಳನ್ನು ಕೊರೆದಂದಿನಿಂದ ಇಂದಿನವರೆಗಿನ ಕಾಲ ಆ ತಳದಲ್ಲಿ ಎರಡು ಬೆರಳ ಅಗಲದೊಳಗೆ ಅಡಗುತ್ತದೆ.

ಆದರೆ ಚಾಲೆಂಜರ್‌ಗೆ ಸಿಕ್ಕಿದ್ದು ಮೇಲಿನ ಪುಟ ಮಾತ್ರ. ಪುಟ ತಿರುವುವ ಉಪಕರಣ ಇನ್ನೂ ಹುಟ್ಟಿರಲಿಲ್ಲ. ಜರ್ಮನಿಯ ಮೆಟಿಯೋರ್ ಹಡಗು 1925ರಿಂದ 1927ರವರೆಗೆ ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ ಅಡ್ಡಾಡಿತು. ಆ ಯಾನದ ಹಿಂದಿದ್ದ ರಸಾಯನಜ್ಞ ಫ್ರಿಟ್ಜ್ ಹೇಬರ್‌ಗೆ ಕಡಲನೀರಿನಿಂದ ಚಿನ್ನ ತೆಗೆದು ತಾಯ್ನಾಡಿನ ಯುದ್ಧದಂಡ ತೀರಿಸುವ ಆಸೆಯಿತ್ತು. ಚಿನ್ನ ಗಿಟ್ಟುವಷ್ಟು ಇರಲಿಲ್ಲ. ಆ ಹಡಗು ತಂದ, ಒಂದು ಮೀಟರಿನಾಚೀಚೆ ಉದ್ದದ ಕೆಸರಿನ ಕಂಬಗಳನ್ನು ವುಲ್ಫ್‌ಗಾಂಗ್ ಶಾಟ್ ಪರೀಕ್ಷಿಸಿದ. ಮೇಲಿನ ಪದರದಲ್ಲಿ ಬೆಚ್ಚನೆ ನೀರನ್ನು ಬಯಸುವ ಮೆನಾರ್ಡಿಯೈ ಎಂಬ ಜಾತಿಯ ಚಿಪ್ಪುಗಳು ಹೇರಳ. ಅದರ ಕೆಳಗಿನ ಪದರದಲ್ಲಿ ಒಂದೂ ಇಲ್ಲ. ಅದು ಹಿಮಯುಗದ ಪದರ ಎಂದು ಶಾಟ್ 1935ರಲ್ಲಿ ಬರೆದ. ಉಷ್ಣವಲಯದ ಕಡಲಿಗೂ ಒಂದು ಗತಕಾಲವಿತ್ತೆಂದು ಮನುಷ್ಯ ಓದಿದ ಮೊದಲ ಸಾಲು ಅದು.

ಇತ್ತ ಅರಬ್ಬಿ ಸಮುದ್ರವನ್ನು ಚಾಲೆಂಜರ್ ಮುಟ್ಟಿರಲೇ ಇಲ್ಲ. ಆ ಸಾಲವನ್ನು ಮರ‍್ರೆ ತನ್ನ ಮರಣದ ನಂತರ ತೀರಿಸಿದ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಫಾಸ್ಫೇಟ್ ಗಣಿಯಿಂದ ಆತ ಸಿರಿವಂತನಾಗಿದ್ದ. 1914ರಲ್ಲಿ ಮೋಟಾರು ಅಪಘಾತದಲ್ಲಿ ಸತ್ತಾಗ ಸಾಗರ ಸಂಶೋಧನೆಗೆಂದು ಹಣ ಬಿಟ್ಟುಹೋಗಿದ್ದ. ಆ ನಿಧಿಯಿಂದ ಈಜಿಪ್ಟಿನ ಮಬಾಹಿತ್ ಎಂಬ ಪುಟ್ಟ ಹಡಗು 1933ರ ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡ್ರಿಯಾದಿಂದ ಹೊರಟಿತು. ನಾಯಕ ಸೀಮೋರ್ ಸೆವೆಲ್. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದವರು. ಅರೇಬಿಯಾದ ಕಡಲಂಚಿನ ಇಳಿಜಾರಿನಲ್ಲಿ, ನೂರಾರು ಮೀಟರಿನಿಂದ ಸಾವಿರ ಮೀಟರಿನವರೆಗಿನ ಆಳದಲ್ಲಿ, ಬಲೆ ಬರಿದಾಗಿ ಮೇಲೆ ಬಂತು. ಮೀನಿಲ್ಲ, ಏಡಿಯಿಲ್ಲ, ಹುಳುವೂ ಇಲ್ಲ. ಅಲ್ಲಿನ ನೀರಿನಲ್ಲಿ ಆಮ್ಲಜನಕವೇ ಇಲ್ಲವೆನ್ನುವಷ್ಟು ಕಡಿಮೆ. ಆ ನಿರ್ಜೀವ ಪಟ್ಟಿ ಬರಡೆಂದು ಕಂಡಿತು. ಅದೇ ನಮ್ಮ ಮುಂಗಾರಿನ ಚರಿತ್ರೆಯನ್ನು ಅತ್ಯಂತ ಜತನವಾಗಿ ಕಾಪಾಡಿದ ಭಂಡಾರ ಎಂಬುದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಿತ್ತು.

ಪುಟ ತಿರುವುವ ಉಪಕರಣ ಸ್ವೀಡನ್ನಿನಿಂದ ಬಂತು. ಭಾರವಾದ ಕೊಳವೆಯನ್ನು ಕೆಸರಿಗೆ ಕೆಡವಿದರೆ ಒಳಗಿನ ಘರ್ಷಣೆಯಿಂದ ಕೆಸರು ಮೇಲೇರದೆ ಅಡಕವಾಗುತ್ತಿತ್ತು. ಬೋರ್ಯೆ ಕುಲೆನ್‌ಬರ್ಗ್ ಕೊಳವೆಯೊಳಗೆ ಒಂದು ಪಿಸ್ಟನ್ ಇಟ್ಟ. ಕೊಳವೆ ಇಳಿಯುವಾಗ ಪಿಸ್ಟನ್ ಕೆಸರಿನ ಮಟ್ಟದಲ್ಲೇ ನಿಂತು, ಹೋಳಿಯ ಪಿಚಕಾರಿ ಬಣ್ಣದ ನೀರನ್ನು ಹೀರುವಂತೆ ಕೆಸರನ್ನು ಒಳಕ್ಕೆ ಹೀರಿಕೊಂಡಿತು. ಒಂದು ಮೀಟರಿದ್ದ ಕಂಬ ಹತ್ತು, ಹದಿನೈದು ಮೀಟರಿಗೆ ಬೆಳೆಯಿತು. ಹಾನ್ಸ್ ಪೆಟರ್ಸನ್ನರ ಮುಂದಾಳ್ತನದಲ್ಲಿ ಆಲ್ಬಟ್ರಾಸ್ ಹಡಗು 1947–48ರಲ್ಲಿ ಈ ಕೊಳವೆಯೊಡನೆ ಭೂಮಿಯನ್ನು ಸುತ್ತಿ ಬಂದಾಗ, ಮನುಷ್ಯನ ಕೈಗೆ ಲಕ್ಷಾಂತರ ವರ್ಷಗಳು ಒಮ್ಮೆಲೇ ಬಂದವು.

ಅಮೆರಿಕದಲ್ಲಿ ಇನ್ನೊಬ್ಬ ಬೇರೆಯೇ ವ್ರತ ಹಿಡಿದ. ಟೆಕ್ಸಾಸ್‌ನ ಮಾರಿಸ್ ಯೂಯಿಂಗ್ 1949ರಲ್ಲಿ ನ್ಯೂಯಾರ್ಕ್ ಬಳಿ ಲಾಮಾಂಟ್ ಭೂವೈಜ್ಞಾನಿಕ ವೀಕ್ಷಣಾಲಯವನ್ನು ಕಟ್ಟಿದವನು. 1953ರಲ್ಲಿ ವೀಮಾ ಎಂಬ ಹಡಗನ್ನು ಪಡೆದ. ಒಂದು ಕಾಲದಲ್ಲಿ ಅದು ಸಿರಿವಂತರ ವಿಹಾರನೌಕೆಯಾಗಿತ್ತು. 1954ರ ಜನವರಿಯಲ್ಲಿ ಬಿರುಗಾಳಿಯ ಅಲೆ ಯೂಯಿಂಗ್‌ನನ್ನೂ ಅವನ ತಮ್ಮನನ್ನೂ ಇನ್ನಿಬ್ಬರನ್ನೂ ಹಡಗಿನಿಂದ ಕಡಲಿಗೆ ಕೊಚ್ಚಿಕೊಂಡು ಹೋಯಿತು. ಅವರಲ್ಲೊಬ್ಬ ಮರಳಲಿಲ್ಲ. ಯೂಯಿಂಗ್ ಪೆಟ್ಟು ತಿಂದ ದೇಹದೊಡನೆ ಮತ್ತೆ ಕಡಲಿಗೆ ಹೋದ. ಅವನ ನಿಯಮ ಒಂದೇ: ಹಡಗು ಎಲ್ಲೇ ಇರಲಿ, ಯಾವ ಕೆಲಸಕ್ಕೇ ಹೊರಟಿರಲಿ, ದಿನಕ್ಕೊಂದು ಕಂಬ ಕೆಸರು ತೆಗೆಯಬೇಕು. ಯಾತಕ್ಕೆ ಎಂದು ಕೇಳಿದರೆ ಖಚಿತ ಉತ್ತರ ಅವನಲ್ಲೂ ಇರಲಿಲ್ಲ. ವೀಮಾ, ಅದರ ಜೊತೆಗಾರ ರಾಬರ್ಟ್ ಕಾನ್ರಾಡ್, ಎರಡೂ ವರ್ಷಗಟ್ಟಲೆ ಹೀಗೆ ನಿಂತು ನಿಂತು ಸಾಗಿದವು. ಲಾಮಾಂಟಿನ ಕಪಾಟುಗಳಲ್ಲಿ ಸಂಖ್ಯೆ ಬರೆದ ಕೆಸರಿನ ಕಂಬಗಳು ಸಾಲುಗಟ್ಟಿದವು. ಓದಲು ಬಾರದ ಲಿಪಿಯ ಗ್ರಂಥಗಳನ್ನು ಇಡೀ ಭೂಮಿಯಿಂದ ಆಯ್ದು ತಂದು ಜೋಡಿಸಿಟ್ಟ ಈ ಮನುಷ್ಯನಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಬುದ್ಧಿವಂತಿಕೆ ವಿಜ್ಞಾನದಲ್ಲಿ ಅಪರೂಪವೇನಲ್ಲ. ತನಗೆ ಉಪಯೋಗವಾಗದ್ದನ್ನು ಮುಂದಿನವರಿಗಾಗಿ ಕೂಡಿಡುವ ಶಿಸ್ತು ಅಪರೂಪ.

ಲಿಪಿಯ ಕೀಲಿಕೈ ಶಿಕಾಗೋದಲ್ಲಿ ಸಿದ್ಧವಾಗುತ್ತಿತ್ತು. ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಬಹುಪಾಲು 16ರ ತೂಕದವು; ಸುಮಾರು ಐನೂರಕ್ಕೆ ಒಂದು 18ರದ್ದು. ನೀರು ತಣ್ಣಗಿದ್ದಷ್ಟೂ ಚಿಪ್ಪಿನ ಸುಣ್ಣದಲ್ಲಿ ಭಾರದ ಆಮ್ಲಜನಕದ ಪಾಲು ತುಸು ಏರುತ್ತದೆ. ಆ ತುಸುವನ್ನು ಅಳೆದರೆ ಚಿಪ್ಪು ಕಟ್ಟಿದ ದಿನದ ನೀರಿನ ತಾಪ ತಿಳಿಯಬಹುದು ಎಂದು ಹೆರಾಲ್ಡ್ ಯೂರಿ 1947ರಲ್ಲಿ ಲೆಕ್ಕ ಕಟ್ಟಿ ತೋರಿಸಿದ. ಅವನ ಬಳಗ ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕ ವ್ಯತ್ಯಾಸವನ್ನು ಅಳೆಯುವ ಯಂತ್ರವನ್ನೂ ಕಟ್ಟಿತು. ಇಟಲಿಯ ಬೊಲೋನಾದಿಂದ ಬಂದಿದ್ದ ಚೆಸಾರೆ ಎಮಿಲಿಯಾನಿ ಆ ಯಂತ್ರಕ್ಕೆ ಫೊರಾಮಿನಿಫೆರಾ ಚಿಪ್ಪುಗಳನ್ನು ಒಡ್ಡಿದ. ಕಂಬಗಳು ಸಿಕ್ಕಿದ್ದು ಆಲ್ಬಟ್ರಾಸ್‌ನ ಮತ್ತು ಲಾಮಾಂಟಿನ ಸಂಗ್ರಹಗಳಿಂದ.

ಅಂದಿನ ಭೂವಿಜ್ಞಾನಿಗಳು ಹಿಮಯುಗಗಳು ನಾಲ್ಕೆಂದು ನಂಬಿದ್ದರು. ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಪೆಂಕ್ ಮತ್ತು ಬ್ರೂಕ್ನರ್ ಎಂಬಿಬ್ಬರು ಜಲ್ಲಿಕಲ್ಲಿನ ಮೆಟ್ಟಿಲುಗಳನ್ನು ಎಣಿಸಿ ಕೊಟ್ಟ ಸಂಖ್ಯೆ ಅದು. ನೆಲದ ಮೇಲೆ ಪ್ರತಿ ಹೊಸ ಹಿಮನದಿ ಹಳೆಯದರ ಗುರುತನ್ನು ಉಜ್ಜಿಹಾಕುತ್ತದೆ, ಕಡಲತಳದಲ್ಲಿ ಉಜ್ಜುವವರಿಲ್ಲ. 1955ರಲ್ಲಿ ಎಮಿಲಿಯಾನಿ ಪ್ರಕಟಿಸಿದ ಗೆರೆ ನಾಲ್ಕಕ್ಕೆ ನಿಲ್ಲದೆ ಏರಿಳಿಯುತ್ತ ಹಿಂದಕ್ಕೆ ಸಾಗಿತ್ತು. ಬೆಚ್ಚನೆ ಕಾಲಗಳಿಗೆ ಬೆಸ ಸಂಖ್ಯೆ, ತಣ್ಣನೆಯವಕ್ಕೆ ಸಮ ಸಂಖ್ಯೆ ಎಂದು ಆತ ಹಾಕಿದ ಎಣಿಕೆ ಇಂದಿಗೂ ಬದಲಾಗಿಲ್ಲ. ನಾವು ಬದುಕಿರುವುದು ಒಂದನೆಯ ಅಂಕದಲ್ಲಿ.

ಆದರೆ ಎಮಿಲಿಯಾನಿ ಆ ಗೆರೆಯನ್ನು ಬಹುತೇಕ ತಾಪಮಾನವೆಂದೇ ಓದಿದ್ದ. 1967ರಲ್ಲಿ ಕೇಂಬ್ರಿಜ್‌ನ ನಿಕೊಲಸ್ ಶ್ಯಾಕಲ್ಟನ್ ಈ ಓದನ್ನು ತಿದ್ದಿದ. ತಳದಲ್ಲೇ ಬದುಕುವ ಫೊರಾಮಿನಿಫೆರಾ ಅಪರೂಪ. ಬೆರಳೆಣಿಕೆಯ ಚಿಪ್ಪುಗಳಿಂದ ಅಳತೆ ತೆಗೆಯುವಷ್ಟು ತನ್ನ ಯಂತ್ರವನ್ನು ಆತ ಹದಗೊಳಿಸಿದ್ದ. ಮೇಲಿನ ಚಿಪ್ಪಿನಲ್ಲಿ ಕಂಡಷ್ಟೇ ಏರಿಳಿತ ತಳದ ಚಿಪ್ಪಿನಲ್ಲೂ ಕಂಡಿತು. ತಳದ ನೀರು ಆಗಲೇ ಹೆಪ್ಪುಗಟ್ಟುವ ಅಂಚಿನಲ್ಲಿರುತ್ತದೆ. ಇನ್ನಷ್ಟು ತಣ್ಣಗಾಗಲು ಅದಕ್ಕೆ ಎಡೆಯಿಲ್ಲ. ಅಂದರೆ ಬದಲಾದದ್ದು ನೀರೇ. ಕಡಲು ಆವಿಯಾಗುವಾಗ ಹಗುರ ಆಮ್ಲಜನಕದ ನೀರು ಸುಲಭವಾಗಿ ಏಳುತ್ತದೆ. ಆವಿ ಧ್ರುವದತ್ತ ಸಾಗುವ ದಾರಿಯಲ್ಲಿ ಭಾರದ್ದು ಮೊದಲು ಸುರಿದುಹೋಗುತ್ತದೆ. ಕೊನೆಗೆ ಹಿಮವಾಗಿ ಭೂಖಂಡಗಳ ಮೇಲೆ ಕೂತದ್ದು ಹಗುರ ನೀರು. ಕಡಲಲ್ಲಿ ಉಳಿದದ್ದು ಭಾರದ್ದು. ಆದ್ದರಿಂದ ಆ ಗೆರೆ ಹೇಳುತ್ತಿದ್ದುದು ಹೆಚ್ಚಾಗಿ ಭೂಮಿಯ ಹಿಮರಾಶಿಯ ಕಥೆಯನ್ನು. 20,000 ವರ್ಷಗಳ ಹಿಂದೆ ಆ ಹಿಮರಾಶಿ ಎಷ್ಟಿತ್ತೆಂದರೆ ಕಡಲಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಇಂದು ಮಲ್ಪೆ, ತದಡಿಯ ದೋಣಿಗಳು ಬಲೆ ಬೀಸುವ ನೀರಿನ ಕೆಳಗೆ ಹತ್ತಾರು ಕಿಲೋಮೀಟರ್ ಅಗಲದ ಒಣನೆಲ ಆಗ ಗಾಳಿಬಿಸಿಲಿಗೆ ಮೈಯೊಡ್ಡಿತ್ತು.

1973ರಲ್ಲಿ ಶ್ಯಾಕಲ್ಟನ್, ಲಾಮಾಂಟಿನ ನೀಲ್ ಒಪ್‌ಡೈಕ್ ಜೊತೆ, ಪಶ್ಚಿಮ ಶಾಂತಸಾಗರದಿಂದ ವೀಮಾ ತಂದ ಒಂದು ಕಂಬವನ್ನು ಓದಿದ. ಅದರ ಹೆಸರು ವಿ28-238. ಭೂಮಿಯ ಕಾಂತಕ್ಷೇತ್ರ ತಲೆಕೆಳಗಾದ ಗುರುತು ಅದರ 12 ಮೀಟರ್ ಆಳದಲ್ಲಿತ್ತು. ಅಂದಿನ ಲೆಕ್ಕದಲ್ಲಿ ಆ ಘಟನೆ ನಡೆದದ್ದು 7 ಲಕ್ಷ ವರ್ಷಗಳ ಹಿಂದೆ. ಇಂದಿನ ಲೆಕ್ಕದಲ್ಲಿ ಅದು 7 ಲಕ್ಷ 80 ಸಾವಿರದ ಹತ್ತಿರ. ಕೆಸರಿಗೆ ಕೊನೆಗೂ ಒಂದು ತೇದಿ ಸಿಕ್ಕಿತು. ತೇದಿ ಸಿಕ್ಕಿದೊಡನೆ, ಹಿಮಯುಗಗಳು ಏಕೆ ಬರುತ್ತವೆ ಎಂಬ ಹಳೆಯ ವ್ಯಾಜ್ಯವನ್ನು ತೀರಿಸುವ ಹಾದಿಯೂ ತೆರೆಯಿತು.

ಆ ವ್ಯಾಜ್ಯದ ಇಬ್ಬರು ವಾದಿಗಳು ಆ ಹೊತ್ತಿಗೆ ತೀರಿಕೊಂಡಿದ್ದರು. ಗ್ಲಾಸ್ಗೋದ ಕಾಲೇಜೊಂದರಲ್ಲಿ ಜಾಡಮಾಲಿಯಾಗಿದ್ದು, ಅಲ್ಲಿನ ಗ್ರಂಥಾಲಯದಲ್ಲೇ ಕಲಿತ ಜೇಮ್ಸ್ ಕ್ರಾಲ್, ಸೂರ್ಯನ ಸುತ್ತ ಭೂಮಿಯ ಪಥ ಬದಲಾಗುವುದೇ ಹಿಮಯುಗಕ್ಕೆ ಕಾರಣವೆಂದು 1864ರಲ್ಲೇ ಬರೆದಿದ್ದ. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಆ ಮಾತನ್ನು ಗಣಿತಕ್ಕೆ ಇಳಿಸಿದ. 1914ರ ಮಹಾಯುದ್ಧದಲ್ಲಿ ಸೆರೆಯಾದಾಗ ಬುಡಾಪೆಸ್ಟಿನ ಅಕಾಡೆಮಿಯ ಗ್ರಂಥಾಲಯದಲ್ಲಿ ಕುಳಿತು ಲೆಕ್ಕ ಮುಂದುವರಿಸಿದ. ಪಥದ ಅಂಡಾಕಾರ ಸುಮಾರು 1 ಲಕ್ಷ ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ. ಅಕ್ಷದ ವಾಲು 41 ಸಾವಿರ ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವ ತಿಂಗಳು 19ರಿಂದ 23 ಸಾವಿರ ವರ್ಷಗಳಲ್ಲಿ ಪಂಚಾಂಗದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತದೆ. ಉತ್ತರದ ಬೇಸಗೆಗೆ ಬಿಸಿಲು ಸಾಲದಿದ್ದಾಗ ಹಿಂದಿನ ಚಳಿಗಾಲದ ಹಿಮ ಕರಗದೆ ಉಳಿದು, ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ ಎಂಬುದು ಅವನ ಸಿದ್ಧಾಂತ. ಅವನ ಮಹಾಗ್ರಂಥ 1941ರಲ್ಲಿ ಬೆಲ್‌ಗ್ರೇಡಿನಲ್ಲಿ ಅಚ್ಚಾಗುತ್ತಿದ್ದಾಗ ಜರ್ಮನ್ ಬಾಂಬುಗಳು ಮುದ್ರಣಾಲಯದ ಮೇಲೆ ಬಿದ್ದವು. 1958ರಲ್ಲಿ ಆತ ತೀರಿಕೊಂಡಾಗ ಅವನ ಮಾತನ್ನು ಒಪ್ಪಿದವರು ಕೆಲವರೇ.

ಸಾಕ್ಷಿ ಹಿಂದೂ ಮಹಾಸಾಗರದಿಂದ ಬಂತು. ಲಾಮಾಂಟಿನ ಜೇಮ್ಸ್ ಹೇಸ್‌ಗೆ ಬೇಕಾದ ಕಂಬ ಮೂರು ಲಕ್ಷಣಗಳುಳ್ಳದ್ದು: ಕೆಸರು ಬೇಗ ಬೇಗ ಕೂಡಿರಬೇಕು, ಮಧ್ಯದಲ್ಲಿ ಕಡಿದಿರಬಾರದು, ಉತ್ತರದ ಹಿಮಗಡ್ಡೆಗಳಿಂದ ದೂರವಿರಬೇಕು. ಕಪಾಟುಗಳನ್ನು ಹುಡುಕುತ್ತ ಹೋದಾಗ, 1967ರಲ್ಲಿ ದಿನದ ವ್ರತದಂತೆ ರಾಬರ್ಟ್ ಕಾನ್ರಾಡ್ ಹಡಗು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎತ್ತಿಟ್ಟಿದ್ದ ಆರ್‌ಸಿ11-120 ಎಂಬ ಕಂಬ ಸಿಕ್ಕಿತು. ಅದು ಸಾಕಷ್ಟು ಹಿಂದಕ್ಕೆ ಹೋಗಲಿಲ್ಲ. ಎಲ್ಟಾನಿನ್ ಹಡಗು ಅದೇ ಸಾಗರದಿಂದ ತಂದು ಫ್ಲಾರಿಡಾದಲ್ಲಿ ಕೂಡಿಟ್ಟಿದ್ದ ಇ49-18ರಲ್ಲಿ ಮುಂದಿನ ಭಾಗವಿತ್ತು. ಅದರ ಮೇಲ್ತುದಿ ಮಾತ್ರ ಕಳೆದುಹೋಗಿತ್ತು. ಎರಡನ್ನೂ ಕೂಡಿಸಿದಾಗ 4,50,000 ವರ್ಷಗಳ ತಡೆಯಿಲ್ಲದ ಚರಿತ್ರೆಯಾಯಿತು. ಹೇಸ್ ರೇಡಿಯೋಲೇರಿಯಾ ಎಂಬ ಸಿಲಿಕಾ ಚಿಪ್ಪುಗಳನ್ನು ಎಣಿಸಿದ. ಜಾನ್ ಇಂಬ್ರಿ ಆ ಎಣಿಕೆಯಿಂದ ನೀರಿನ ತಾಪ ತೆಗೆಯುವ ಗಣಿತ ಕಟ್ಟಿದ್ದ. ಶ್ಯಾಕಲ್ಟನ್ ಆಮ್ಲಜನಕ ಅಳೆದ. ಗೆರೆಗಳೊಳಗಿನ ಲಯವನ್ನು ಬಿಡಿಸಿದಾಗ 1 ಲಕ್ಷ, 41 ಸಾವಿರ, 23 ಸಾವಿರ, 19 ಸಾವಿರ ವರ್ಷಗಳ ಆಸುಪಾಸಿನಲ್ಲೇ ಶಿಖರಗಳು ಎದ್ದು ನಿಂತವು. ಮೂವರ ಲೇಖನ 1976ರ ಡಿಸೆಂಬರ್ 10ರ ಸೈನ್ಸ್ ಪತ್ರಿಕೆಯಲ್ಲಿ ಬಂತು. ಚಾಲೆಂಜರ್ ಮರಳಿ ನೂರು ವರ್ಷ ದಾಟಿತ್ತು. ಯೂಯಿಂಗ್ ಎರಡು ವರ್ಷ ಮೊದಲೇ, 1974ರಲ್ಲಿ, ಕಣ್ಣು ಮುಚ್ಚಿದ್ದ. ಪಥದ ಬದಲಾವಣೆಗಳಲ್ಲಿ ತೀರ ದುರ್ಬಲವಾದ 1 ಲಕ್ಷ ವರ್ಷದ ಲಯ ಹಿಮದಲ್ಲಿ ಮಾತ್ರ ಏಕೆ ಅಷ್ಟು ಬಲವಾಗಿ ಕಾಣುತ್ತದೆ ಎಂಬುದರ ಬಗ್ಗೆ ಇಂದಿಗೂ ವಾದವಿದೆ. ಆದರೆ ಭೂಮಿಯ ಚಲನೆಯೇ ಹಿಮಯುಗಗಳ ತಾಳ ಹಿಡಿದಿದೆ ಎಂಬುದನ್ನು ಇಂದು ಬಹುತೇಕ ವಿಜ್ಞಾನಿಗಳು ಒಪ್ಪುತ್ತಾರೆ.

ಹಿಮದ ಚರಿತ್ರೆ ಉತ್ತರದವರದು. ನಮ್ಮ ನೆಲದ ಚರಿತ್ರೆ ಮಳೆಯದು. ಅದನ್ನು ಬರೆದದ್ದು ಅರಬ್ಬಿ ಸಮುದ್ರ.

ಜೂನ್ ತಿಂಗಳಲ್ಲಿ ನೈಋತ್ಯ ಮಾರುತ ಸೊಮಾಲಿಯಾ, ಒಮಾನುಗಳ ಕರಾವಳಿಗೆ ಸಮಾನಾಂತರವಾಗಿ ಬೀಸುವಾಗ ಮೇಲಿನ ಬೆಚ್ಚನೆ ನೀರನ್ನು ದಡದಿಂದ ದೂರಕ್ಕೆ ತಳ್ಳುತ್ತದೆ. ಆ ಎಡೆಗೆ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ತಂಪು ಕಡಲಿನಲ್ಲಿ ಬದುಕಬೇಕಾದ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಫೊರಾಮಿನಿಫೆರಾ ಉಷ್ಣವಲಯದ ನಡುವೆಯೇ ಅಲ್ಲಿ ಹಿಂಡುಹಿಂಡಾಗಿ ಬೆಳೆಯುತ್ತದೆ. ಗಾಳಿ ಬಲವಾದರೆ ಅದರ ಚಿಪ್ಪು ಹೆಚ್ಚು. ಗಾಳಿ ಸೋತರೆ ಕಡಿಮೆ. ಮುಂಗಾರಿನ ಬಲವನ್ನು ಇಷ್ಟು ನೇರವಾಗಿ ದಾಖಲಿಸುವ ಲೆಕ್ಕಿಗ ಭೂಮಿಯ ಮೇಲೆ ಇನ್ನೊಂದಿದೆಯೆಂದು ನನಗೆ ಅನಿಸುವುದಿಲ್ಲ. ಅಮೆರಿಕದ ವಾರನ್ ಪ್ರೆಲ್ ಈ ಲೆಕ್ಕವನ್ನು ಓದಲು ಕಲಿತವರಲ್ಲಿ ಮೊದಲಿಗ. 1987ರಲ್ಲಿ ಜಾಯಿಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಒಮಾನಿನಾಚೆ ಕಡಲತಳವನ್ನು ಕೊರೆಯಲು ಬಂದಾಗ ಮುಂದಾಳಾಗಿದ್ದವರಲ್ಲಿ ಆತನೂ ಒಬ್ಬ.

ಓದಿದಾಗ ಕಂಡದ್ದು: ಹಿಮಯುಗದ ತುದಿಯಲ್ಲಿ ನೈಋತ್ಯ ಮಾರುತ ತೀರ ಸೊರಗಿತ್ತು. ಅಲ್ಲಿಂದ ಅದು ಚೇತರಿಸಿಕೊಂಡು, ಸುಮಾರು 10,000 ವರ್ಷಗಳ ಹಿಂದೆ ಇಂದಿಗಿಂತ ಪ್ರಬಲವಾಯಿತು. ಇಂದು ಭೂಮಿ ಸೂರ್ಯನಿಗೆ ಅತಿ ಹತ್ತಿರವಾಗುವುದು ಜನವರಿ ಮೊದಲ ವಾರದಲ್ಲಿ. ಆಗ ಹತ್ತಿರವಾಗುತ್ತಿದ್ದುದು ಉತ್ತರದ ಬೇಸಗೆಯಲ್ಲಿ. ಏಷ್ಯಾದ ನೆಲ ಹೆಚ್ಚು ಕಾದಿತು, ಕಡಲಗಾಳಿ ಹೆಚ್ಚು ನುಗ್ಗಿತು. ಇಂದಿನ ಸಹಾರಾದಲ್ಲೂ ಆಗ ಕೆರೆಗಳಿದ್ದವು. ಮಿಲಾಂಕೊವಿಚ್ ಹಿಮಕ್ಕಾಗಿ ಮಾಡಿದ ಲೆಕ್ಕ ನಮ್ಮ ಬಿತ್ತನೆಯ ಮಳೆಗೂ ಸಲ್ಲುತ್ತದೆ.

ಮಬಾಹಿತ್ ಕಂಡ ನಿರ್ಜೀವ ಪಟ್ಟಿಯ ಬೆಲೆ ಗೊತ್ತಾದದ್ದು ಆಗ. ಸಾಮಾನ್ಯ ಕಡಲತಳದಲ್ಲಿ ಹುಳುಗಳು ಕೆಸರನ್ನು ಅಗೆದು ಶತಮಾನಗಳನ್ನು ಕಲಸಿಬಿಡುತ್ತವೆ. ಆಮ್ಲಜನಕವಿಲ್ಲದಲ್ಲಿ ಹುಳುವಿಲ್ಲ, ಪದರದ ಮೇಲೆ ಪದರ ಕೆಡದೆ ಉಳಿಯುತ್ತದೆ. ಪಾಕಿಸ್ತಾನದ ಕರಾವಳಿಯಾಚೆ ಅಂಥ ಕಂಬಗಳನ್ನು ತೆಗೆದ ಜರ್ಮನ್ ವಿಜ್ಞಾನಿಗಳು 1998ರಲ್ಲಿ 1,10,000 ವರ್ಷಗಳ ದಾಖಲೆ ಪ್ರಕಟಿಸಿದರು. ಮುಂಗಾರು ಬಲವಾಗಿದ್ದ ಕಾಲದ್ದು ಜೀವರಸ ತುಂಬಿದ ಕಪ್ಪು, ಗೆರೆಗೆರೆಯಾದ ಕೆಸರು. ಸೊರಗಿದ ಕಾಲದ್ದು ಹುಳು ಕಲಸಿದ ತಿಳಿಬಣ್ಣದ್ದು. ಆ ಪಟ್ಟೆಗಳನ್ನು ಗ್ರೀನ್‌ಲ್ಯಾಂಡಿನ ಹಿಮ ಕೊರೆದು ತೆಗೆದ ತಾಪಮಾನದ ಗೆರೆಯ ಪಕ್ಕದಲ್ಲಿಟ್ಟಾಗ ಎರಡೂ ತಾಳೆಯಾದವು. ಅಲ್ಲಿ ಚಳಿ ಬಡಿದಾಗಲೆಲ್ಲ ಇಲ್ಲಿ ಮಳೆಗಾಳಿ ಸೋತಿತ್ತು. ಐಐಟಿ ಖರಗಪುರದ ಅನಿಲ್ ಗುಪ್ತಾ ಮತ್ತು ಸಂಗಡಿಗರು 2003ರಲ್ಲಿ ಒಮಾನಿನಾಚೆಯ 723ಎ ಎಂಬ ರಂಧ್ರದ ಕೆಸರಿನಿಂದ, ಹಿಮಯುಗ ಮುಗಿದ ನಂತರದ ಹತ್ತು ಸಾವಿರ ವರ್ಷಗಳಲ್ಲೂ ಈ ನಂಟು ಮುಂದುವರಿದಿದೆಯೆಂದು ತೋರಿಸಿದರು. ಯುರೋಪಿನ ಕಿರು ಹಿಮಯುಗ ಎನ್ನುವ ಕಾಲದಲ್ಲಿ, ಸುಮಾರು 400 ವರ್ಷಗಳ ಹಿಂದೆ, ಬುಲಾಯ್ಡಿಸ್ ಚಿಪ್ಪುಗಳು ತೀರ ಕುಗ್ಗಿದ್ದವು. ವಿಜಯನಗರ ಅಳಿದು, ಕೆಳದಿ, ಮೈಸೂರಿನ ಅರಸರು ತಲೆಯೆತ್ತುತ್ತಿದ್ದ ದಿನಗಳವು. ನಮ್ಮ ಇತಿಹಾಸಕಾರರು ಆ ಶತಮಾನದ ಕಾಳಗಗಳನ್ನು ಬರೆದಷ್ಟು ಅದರ ಮಳೆಯನ್ನು ಬರೆದಿಲ್ಲ ಎಂಬ ಕೊರಗು ನನ್ನದು. ಸಿಂಧೂ ನದಿಯ ಮುಖದಾಚೆಯ ಇನ್ನೊಂದು ಕಂಬ, ಸುಮಾರು 4,200 ವರ್ಷಗಳ ಹಿಂದೆ ಆ ನದಿಯ ನೀರು ತಗ್ಗಿದ್ದನ್ನು ಹೇಳುತ್ತದೆ. ಹರಪ್ಪದ ನಗರಗಳು ಖಾಲಿಯಾಗತೊಡಗಿದ್ದು ಅದರ ಹತ್ತಿರದಲ್ಲೇ.

ಗಾಳಿಯ ದಾಖಲೆ ಒಮಾನಿನದು. ಸುರಿದ ಮಳೆಯ ದಾಖಲೆ ನಮ್ಮ ಕಡೆಯದು. ಸಹ್ಯಾದ್ರಿಯ ಮೇಲೆ ಬಿದ್ದ ಮಳೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳಾಗಿ ಕೆಲವೇ ದಿನಗಳಲ್ಲಿ ಕಡಲಿಗೆ ಮರಳುತ್ತದೆ. ಮಳೆನೀರಿನಲ್ಲಿ ಹಗುರ ಆಮ್ಲಜನಕವೇ ಹೆಚ್ಚು. ಮಳೆ ಜೋರಾದ ವರ್ಷಗಳಲ್ಲಿ ಕರಾವಳಿಯಾಚೆಯ ಕಡಲಿನ ಉಪ್ಪು ಇಳಿದು, ಅಲ್ಲಿ ಬದುಕಿದ ಚಿಪ್ಪುಗಳೂ ಹಗುರವಾಗುತ್ತವೆ. ಅನಿಂದ್ಯ ಸರ್ಕಾರ್ ಅವರೂ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್, ಬಿ.ಎಲ್.ಕೆ. ಸೋಮಯಾಜುಲು ಅವರೂ ಕೂಡಿ 2000ರಲ್ಲಿ ಪೂರ್ವ ಅರಬ್ಬಿ ಸಮುದ್ರದ ಕಂಬವೊಂದನ್ನು ಹೀಗೆ ಓದಿದರು. ಅವರಿಗೆ ಸಿಕ್ಕ ಉತ್ತರ ಒಮಾನಿನದಕ್ಕೆ ಒಪ್ಪಲಿಲ್ಲ. ಅಲ್ಲಿ ಗಾಳಿ ಹತ್ತು ಸಾವಿರ ವರ್ಷಗಳಿಂದ ಇಳಿಯುತ್ತ ಬಂದಿದ್ದರೆ, ಇಲ್ಲಿ 10,000ದಿಂದ 2,000 ವರ್ಷಗಳ ಹಿಂದಿನವರೆಗೆ ಮಳೆ ಏರುತ್ತಲೇ ಬಂದಿತ್ತು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಜೊತೆಗಾರರು ಕಾರವಾರದಾಚೆಯ ಕೆಸರಿನಲ್ಲಿ ಫೊರಾಮಿನಿಫೆರಾದ ಮೊದಲ ಕೋಣೆಯ ಗಾತ್ರ ಅಳೆದು, ಬರಗಾಲಕ್ಕೆ 77 ವರ್ಷಗಳ ಆವರ್ತವಿದೆಯೆಂದು 1995ರಲ್ಲಿ ಬರೆದರು. ಅಷ್ಟು ಖಚಿತವಾದ ಅಂಕಿಯನ್ನು ಒಂದೇ ಸ್ಥಳದ ಕೆಸರಿನ ಮೇಲೆ ನಿಲ್ಲಿಸಲು ನಾನು ಹಿಂಜರಿಯುತ್ತೇನೆ. ಆದರೆ ಕಾಳಿಯ ನೀರು ಕುಡಿದು ಬೆಳೆದ ಜೀವಿಯಲ್ಲಿ ಮಲೆನಾಡಿನ ಮಳೆಯನ್ನು ಹುಡುಕಿದ ಆ ದೃಷ್ಟಿ ಅಪ್ಪಟವಾದದ್ದು.

ಮುಂಗಾರು ಹುಟ್ಟಿದ್ದು ಯಾವಾಗ ಎಂಬ ಇನ್ನೂ ದೊಡ್ಡ ಪ್ರಶ್ನೆಯನ್ನು ಹೊತ್ತು ಜಾಯಿಡಿಸ್ ರೆಸಲ್ಯೂಷನ್ 2015ರಲ್ಲಿ ಭಾರತದ ಪಶ್ಚಿಮಕ್ಕಿರುವ ಲಕ್ಷ್ಮೀ ಕಣಿವೆಗೆ ಬಂತು. ಧನಂಜಯ್ ಪಾಂಡೆ ಮತ್ತು ಪೀಟರ್ ಕ್ಲಿಫ್ಟ್ ಅದರ ಮುಂದಾಳುಗಳು. ಮೂರೂವರೆ ಕಿಲೋಮೀಟರಿಗೂ ಹೆಚ್ಚು ನೀರಿನ ಕೆಳಗೆ ಸಾವಿರ ಮೀಟರಿಗೂ ಹೆಚ್ಚು ಕೊರೆದಾಗ, ಪದರಗಳ ನಡುವೆ ಮುನ್ನೂರು ಮೀಟರ್ ದಪ್ಪದ ಕಲಸುಮೇಲೋಗರ ಎದುರಾಯಿತು. ಸುಮಾರು 1 ಕೋಟಿ 8 ಲಕ್ಷ ವರ್ಷಗಳ ಹಿಂದೆ ಭಾರತದ ಪಶ್ಚಿಮ ಕಡಲಂಚಿನ ಒಂದು ಭಾಗ ಕುಸಿದು, ಸುಣ್ಣಕಲ್ಲಿನ ಬಂಡೆಗಳೊಡನೆ ಆಳಕ್ಕೆ ಜಾರಿತ್ತು. ನಟರಾಜ ಕುಸಿತವೆಂದು ಅದಕ್ಕೆ ಹೆಸರಿಟ್ಟಿದ್ದಾರೆ. ಭೂಮಿಯಲ್ಲಿ ತಿಳಿದಿರುವ ಅತಿ ದೊಡ್ಡ ಕಡಲ ಕುಸಿತಗಳಲ್ಲಿ ಅದೂ ಒಂದು. ಅಲ್ಲಿನ ಚರಿತ್ರೆಯ ಹಲವು ಪುಟಗಳನ್ನು ಅದು ಕಿತ್ತು ಹಾಕಿದೆ. ಉಳಿದವು ಜಪಾನಿನ ಕೋಚಿಯ ಸಂಗ್ರಹಾಲಯದಲ್ಲಿವೆ. ಹಡಗಿನಲ್ಲೇ ಪ್ರತಿ ಕಂಬವನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಪರೀಕ್ಷೆಗೆ ಕೊಟ್ಟು, ಇನ್ನೊಂದನ್ನು ಕತ್ತರಿಸದೆ ಮೀಸಲಿಡುವುದು ಪದ್ಧತಿ. ಯೂಯಿಂಗ್‌ನ ವ್ರತ ಹೀಗೆ ನಿಯಮವಾಗಿ ಉಳಿದಿದೆ. ಹಡಗು ಮಾತ್ರ 2024ರಲ್ಲಿ ಕೊನೆಯ ಯಾನ ಮುಗಿಸಿತು.

ಒಮಾನಿನ ಗಾಳಿ ಮತ್ತು ಸಹ್ಯಾದ್ರಿಯ ಮಳೆ ಬೇರೆ ಬೇರೆ ದಾರಿ ಹಿಡಿದದ್ದೇಕೆ ಎಂಬುದನ್ನು ಎರಡು ಕಂಬಗಳಿಂದ ತೀರ್ಮಾನಿಸಲಾಗದು. ಕಾರವಾರದಿಂದ ಮಂಗಳೂರಿನವರೆಗೆ, ನದೀಮುಖಗಳಿಂದ ಆಳದ ಇಳಿಜಾರಿನವರೆಗೆ, ಇನ್ನೂ ಹತ್ತಾರು ಕಂಬಗಳು ಬೇಕು. ಅವುಗಳ ಅರ್ಧವನ್ನು ಕತ್ತರಿಸದೆ ಇಡುವ ಉಗ್ರಾಣವೂ ಬೇಕು. ಗೋವಾದಿಂದ ಹೊರಡುವ ಸಿಂಧು ಸಂಕಲ್ಪ, ಸಿಂಧು ಸಾಧನಾ ಹಡಗುಗಳಿಗೆ ಆ ನೀರು ಒಂದೆರಡು ದಿನದ ದಾರಿ.